ದೆಜ್ಫುಲ್ಲಿನ ನಾಲ್ಕನೇ ಕಮಾನು

ಸಲ್ವಾ

ಪ್ರವಾಸ ಕಥನ ಬರೆಯುವವರೆಲ್ಲ ಊರಿನಿಂದ ಹೊರಡುತ್ತಾರೆ. ನಾನು ಹೊರಟದ್ದು ಕುವೈತಿನಿಂದ. ಹದಿನಾರು ವರ್ಷ ಉಂಡು ಮಲಗಿದ ಜಾಗವನ್ನು ಪರದೇಶ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅಲ್ಲಿನ ಸಲ್ವಾ ಬಡಾವಣೆಯ ಒಂದು ದೊಡ್ಡ ವಿಲ್ಲಾದ ಹಿಂಬದಿಯ ಎರಡು ಕೋಣೆಗಳಲ್ಲಿ ನಾನೂ ನನ್ನ ಹೆಂಡತಿ ಸುಮತಿಯೂ ಸಂಸಾರ ಮಾಡಿಕೊಂಡಿದ್ದೆವು. ಅವಳು ಆಸ್ಪತ್ರೆಯಲ್ಲಿ ನರ್ಸು. ನಾನು ಶರ್ಕ್‌ನಲ್ಲಿ ಆಫೀಸಿದ್ದ ಕಂಪನಿಯೊಂದರಲ್ಲಿ ಕಟ್ಟಡದ ಫೋರ್‌ಮನ್. ಮೂಲ್ಕಿಯ ಹತ್ತಿರ ನಮ್ಮದು ಮುರಕಲ್ಲಿನ ಮನೆ ಕಟ್ಟುವ ಮೇಸ್ತ್ರಿಗಳ ಕುಟುಂಬ. ಹಾಗಾಗಿ ಗೋಡೆ ಕಂಡಲ್ಲಿ ಗೆಣ್ಣಿನಿಂದ ಕುಟ್ಟಿ ನೋಡುವ ಚಟ ನನಗೆ. ಯಾರದೋ ಗೃಹಪ್ರವೇಶಕ್ಕೆ ಹೋಗಿ, ಪಾಯಸಕ್ಕೆ ಮೊದಲೇ ಅವರ ಗೋಡೆ ಟೊಳ್ಳು ಎಂದು ಹೇಳಿ ಬಂದ ಮೇಲೆ ಸುಮತಿ ನನ್ನನ್ನು ಅಂಥ ಕಡೆ ಕರೆದುಕೊಂಡು ಹೋಗುವುದನ್ನೇ ಬಿಟ್ಟಿದ್ದಳು.

ನಮ್ಮ ಬೀದಿಯ ಮೂಲೆಯಲ್ಲಿ ಒಂದು ಇರಾನಿ ರೊಟ್ಟಿಯಂಗಡಿ ಇತ್ತು. ಕುವೈತಿನಲ್ಲಿ ಇಂಥ ಅಂಗಡಿ ಇಲ್ಲದ ಬಡಾವಣೆ ಇಲ್ಲ. ಮೊರದಷ್ಟು ಅಗಲದ ಬಿಸಿ ರೊಟ್ಟಿ. ಮಡಚಿ ಕೂಡಲೇ ಚೀಲಕ್ಕೆ ತುಂಬಿದರೆ ಬೆವರಿ ಮುದ್ದೆಯಾಗುತ್ತದೆ ಎಂದು ಜನ ಅದನ್ನು ಕಾರಿನ ಬಾನೆಟ್ ಮೇಲೆ ಹರಡಿ ಆರಿಸುತ್ತಾರೆ. ನಮ್ಮಲ್ಲಿ ಅಂಗಳದಲ್ಲಿ ಹಪ್ಪಳ ಒಣಗಿಸುವ ಹಾಗೆ, ಮರ್ಸಿಡಿಸ್ ಕಾರಿನ ಮೇಲೆ ರೊಟ್ಟಿ. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ನಾನೂ ಕಂಪನಿಯ ಪಿಕಪ್ಪಿನ ಮೇಲೆ ಹರಡತೊಡಗಿದೆ.

ಅಂಗಡಿಯ ಉಸ್ತಾದ್ ಕರೀಂಗೆ ಆಗ ಅರವತ್ತೈದು ದಾಟಿತ್ತು. ಮಾತು ಕಡಿಮೆ, ಆಡಿದರೆ ಅರಬ್ಬಿ. ಹಿಟ್ಟು ಸಾಕಷ್ಟು ನೆನೆಯದೆ ಒಲೆಗೆ ಹಾಕುವವರಲ್ಲ. ಸಾಲು ಎಷ್ಟು ಉದ್ದವಿದ್ದರೂ, ಯಾರು ಎಷ್ಟೇ ‘ಯಲ್ಲಾ ಯಲ್ಲಾ’ ಎಂದು ಅವಸರಪಡಿಸಿದರೂ ಅಷ್ಟೇ. ಅವರ ಹಿಂದಿನ ಗೋಡೆಯಲ್ಲಿ ಹೊಗೆ ಹಿಡಿದ ಒಂದು ಫೋಟೋ. ನದಿ, ಅದರ ಮೇಲೆ ಸಾಲುಕಮಾನಿನ ಹಳೆಯ ಸೇತುವೆ. ಒಂದು ದಿನ ಸುಮ್ಮನಿರಲಾರದೆ ಹೇಳಿಬಿಟ್ಟೆ, ಇದು ಒಬ್ಬರು ಕಟ್ಟಿದ ಸೇತುವೆ ಅಲ್ಲ. ಕೆಳಗಿನ ಕಲ್ಲು ಒಂದು ಕಾಲದ್ದು, ಮೇಲಿನ ಇಟ್ಟಿಗೆ ಇನ್ನೊಂದು ಕಾಲದ್ದು, ಒಂದು ಕಮಾನಿನ ಹಾಗೆ ಇನ್ನೊಂದಿಲ್ಲ, ಕಡಿಮೆಯೆಂದರೆ ನಾಲ್ಕೈದು ತಲೆಮಾರಿನ ಕೈ ಇದೆ ಎಂದು. ಉಸ್ತಾದ್ ರೊಟ್ಟಿ ತೆಗೆಯುವ ಕಬ್ಬಿಣದ ಕೊಕ್ಕೆಯನ್ನು ಕೆಳಗಿಟ್ಟು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. ಅಂದಿನಿಂದ ನಾನು ಅವರಿಗೆ ‘ಮುಹಂದಿಸ್’, ಅಂದರೆ ಇಂಜಿನಿಯರ್. ಅಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನಾನು ಹೆಚ್ಚು ಹೇಳಲೂ ಇಲ್ಲ.

ಅದು ಅವರ ಊರು ದೆಜ್ಫುಲ್ಲಿನ ಸೇತುವೆ. ಇರಾನಿನ ನೈಋತ್ಯಕ್ಕೆ, ಕುವೈತಿನ ನೆತ್ತಿಯ ಮೇಲೆ ಎನ್ನುವಷ್ಟು ಹತ್ತಿರ. ಒಂದು ಮಧ್ಯಾಹ್ನ, ಅಂಗಡಿ ಮುಚ್ಚುವ ಹೊತ್ತಿನಲ್ಲಿ, ಅವರು ಅಪ್ಪನ ವಿಷಯ ತೆಗೆದರು. ಅಪ್ಪ ಮೇಸ್ತ್ರಿ. ಒಮ್ಮೆ ನದಿ ಉಕ್ಕಿ ಒಂದು ಕಮಾನು ಬಿದ್ದಾಗ ಅದನ್ನು ಮತ್ತೆ ಕಟ್ಟಿದವರು ಅವರೇ. ನಾಲ್ಕು ವರ್ಷದ ನಂತರದ ನೆರೆಗೆ ಅದರಲ್ಲಿ ಬಿರುಕು ಬಿಟ್ಟಿತು. ಸುಣ್ಣ ಹಸಿಯಾಗಿತ್ತು, ಮೇಸ್ತ್ರಿ ಮೋಸ ಮಾಡಿದ ಎಂದು ಊರು ಹೇಳಿತು. ಅಲ್ಲಿಂದ ಅವರು ಕರಣೆ ಮುಟ್ಟಲಿಲ್ಲ, ಆ ಹೆಸರಿನಲ್ಲೇ ಸತ್ತರು. ಕಮಾನು ಮಾತ್ರ ನಲವತ್ತು ವರ್ಷದಿಂದ ನಿಂತೇ ಇದೆ, ಬಿರುಕು ಸಮೇತ.

“ಈದ್‌ಗೆ ನಿನಗೆ ರಜೆ ಇದೆ ಅಂದೆಯಲ್ಲ,” ಎಂದರು ಉಸ್ತಾದ್. “ಹೋಗಿ ನೋಡಿ ಬಾ. ಊರಲ್ಲಿ ಯಾರನ್ನೂ ಕೇಳಬೇಡ, ಅವರು ಹಿಂದೆ ಹೇಳಿದ್ದನ್ನೇ ಹೇಳುತ್ತಾರೆ. ನೀನೇ ನೋಡಿ, ಸುಣ್ಣ ಕೆಟ್ಟಿತ್ತೋ ಇಲ್ಲವೋ, ಅಷ್ಟು ಹೇಳು.”

ನೀವೇ ಏಕೆ ನೋಡಬಾರದು ಎಂದು ಕೇಳಿದೆ. ಊರಿಗೆ ಹೋದಾಗಲೆಲ್ಲ ಹೊಸ ಸೇತುವೆಯಲ್ಲೇ ದಾಟುತ್ತೇನೆ, ನನ್ನ ಕಣ್ಣನ್ನು ನನಗೇ ನಂಬಲಾಗುವುದಿಲ್ಲ ಎಂದರು. ಆಮೇಲೆ ಯಾವ ಕಮಾನು ಎಂದು ಹೇಳಿದರು. ನಾನು ಜೇಬಿನ ಡೈರಿಯಲ್ಲಿ ಬರೆದುಕೊಂಡೆ: ‘ತೆಂಕು ದಡದಿಂದ ನಾಲ್ಕನೆಯದು.’

ಅಹ್ವಾಜ್ ದಾರಿ

ವೀಸಾದ ಪುರಾಣ ಬೇಡ. ರಜೆಗೆ ದುಬೈಗೆ ಹೋಗುವುದು ಬಿಟ್ಟು ಇರಾನಿಗೇಕೆ ಎಂದು ಕೇಳದವರಿಲ್ಲ. ನಮ್ಮ ಕಫೀಲ್, ಎಂದರೆ ನಮ್ಮ ವಾಸದ ಪರವಾನಗಿಗೆ ಹೊಣೆಯಾದ ಕುವೈತಿ ಮಾಲೀಕ, ರೊಟ್ಟಿಯವನ ಅಪ್ಪನ ಸಲುವಾಗಿ ಎಂದು ಕೇಳಿ ನನಗೆ ಜ್ವರವಿದೆಯೇ ಎಂದು ಸುಮತಿಗೇ ಫೋನ್ ಮಾಡಿ ವಿಚಾರಿಸಿದ. ಅವಳಿಗೆ ಡ್ಯೂಟಿ ಇದ್ದುದರಿಂದ ಬರುವಂತಿರಲಿಲ್ಲ. ಹೊರಡುವಾಗ ಒಂದು ಮಾತು ಹೇಳಿದಳು: “ಅಲ್ಲಿ ಹೋಗಿ ಸಿಕ್ಕಿದ ಗೋಡೆಗೆಲ್ಲ ಕುಟ್ಟಬೇಡಿ ಮಾರಾಯ್ರೆ, ಒಳಗೆ ಹಾಕಿಯಾರು.”

ವಿಮಾನ ಏರಿ ಚಾಕಲೇಟಿನ ಕಾಗದ ಬಿಡಿಸುವಷ್ಟರಲ್ಲಿ ಇಳಿಯಲು ಶುರುಮಾಡಿತು. ಅಹ್ವಾಜ್‌ನ ಧೂಳು ಕುವೈತಿನ ಧೂಳೇ. ಒಂದೇ ಗಾಳಿ ಎರಡೂ ಕಡೆ ಹಂಚುತ್ತದೆ. ಅಲ್ಲಿಂದ ಬಡಗಿಗೆ ಬಸ್ಸಿನಲ್ಲಿ ಎರಡು ಗಂಟೆಯ ಮೇಲೆ. ಪಕ್ಕದಲ್ಲಿದ್ದ ಅಜ್ಜ ಸೌತೆಕಾಯಿ ತೆಗೆದು, ಸಿಪ್ಪೆ ಸುಲಿದು, ಉಪ್ಪು ಹಚ್ಚಿ, ಕೇಳದೇ ಕೈಗಿಟ್ಟ. ಇಲ್ಲಿ ಸೌತೆಕಾಯಿಯೆಂದರೆ ಹಣ್ಣಿನ ಲೆಕ್ಕ; ಸೇಬಿನ ಜೊತೆಯಲ್ಲಿ ತಟ್ಟೆಗೆ ಬರುತ್ತದೆ. ನನಗೆ ಫಾರಸಿ ಬರದು, ಅವನಿಗೆ ಅದು ಬಿಟ್ಟು ಬೇರೆ ಬರದು. ಆದರೂ ನನಗೆ ಮಕ್ಕಳಿಲ್ಲ ಎನ್ನುವುದನ್ನು ಅವನು ಹೇಗೋ ತಿಳಿದುಕೊಂಡು, ಅದಕ್ಕಾಗಿ ಇನ್ನೊಂದು ಸೌತೆಕಾಯಿ ಕೊಟ್ಟ.

ದೆಜ್ಫುಲ್, ಮೊದಲ ದಿನ

ಊರಿಗೆ ಸೇತುವೆ ಇರುವುದನ್ನು ಎಲ್ಲೆಡೆ ನೋಡಿದ್ದೇವೆ. ಇಲ್ಲಿ ಸೇತುವೆಗೆ ಊರು ಇದೆ. ದೆಜ್ ಎಂದರೆ ಕೋಟೆ, ಪುಲ್ ಎಂದರೆ ಸೇತುವೆ. ಸೇತುವೆ ಕಾಯಲು ಕೋಟೆ ಬಂತು, ಕೋಟೆಯ ಸುತ್ತ ಊರು ಬೆಳೆಯಿತು. ಸಾವಿರದ ಏಳುನೂರು ವರ್ಷದ ಹಿಂದೆ ಪರ್ಷಿಯದ ಒಬ್ಬ ದೊರೆ ರೋಮಿನ ಚಕ್ರವರ್ತಿಯನ್ನೇ ಸೈನ್ಯ ಸಮೇತ ಸೆರೆ ಹಿಡಿದನಂತೆ. ಸೆರೆಯಾಳುಗಳಲ್ಲಿ ಕಲ್ಲುಕೆಲಸ ಬಲ್ಲವರಿದ್ದರು. ಅವರ ಕೈಯಲ್ಲಿ ಈ ಸೀಮೆಯ ನದಿಗಳಿಗೆ ಸೇತುವೆ ಕಟ್ಟಿಸಿದನಂತೆ. ಪರವೂರಿಗೆ ಬಂದು ಬೇರೆಯವರ ಕಟ್ಟಡ ಕಟ್ಟುವ ಕೆಲಸ ನಮಗಿಂತ ಬಹಳ ಹಳೆಯದು ಎಂದು ಅಲ್ಲಿ ನಿಂತಾಗ ಅನ್ನಿಸಿತು. ಅವರಿಗೆ ಎರಡು ವರ್ಷಕ್ಕೊಮ್ಮೆ ರಜೆಯೂ ಇರಲಿಲ್ಲ, ಪಾಪ.

ಸೇತುವೆಯನ್ನು ಸುಂದರ ಎನ್ನಲು ಧೈರ್ಯ ಬೇಕು. ಕಾಲುಗಳು ದೊಡ್ಡ ದೊಡ್ಡ ಕಲ್ಲಿನವು. ನೀರು ಸೀಳಿಕೊಂಡು ಹೋಗಲು ಮುಂಭಾಗ ದೋಣಿಯ ಮೂತಿಯಂತೆ ಚೂಪು. ಕಾಲಿನ ಮೇಲೆ ಎರಡು ಕಮಾನುಗಳ ನಡುವೆ ಸಣ್ಣ ಕಿಂಡಿಗಳು; ನೆರೆ ಅಲ್ಲಿಯವರೆಗೂ ಏರಿದರೆ ನೀರಿಗೆ ದಾರಿಯಿರಲಿ ಎಂದು. ಅಷ್ಟೂ ಹಳೆಯ ಬುದ್ಧಿ. ಮೇಲಿನ ಇಟ್ಟಿಗೆ ಕಮಾನುಗಳು ಮಾತ್ರ ಬಿದ್ದಾಗ ಬಿದ್ದಾಗ ಕಟ್ಟಿದವು. ಒಂದರ ತುದಿ ಚೂಪು, ಒಂದರದು ದುಂಡು, ನಡುವೆ ಕಾಂಕ್ರೀಟಿನ ತೇಪೆಯೂ ಉಂಟು. ಕಮಾನು ಹದಿನಾಲ್ಕು ಎನ್ನುತ್ತಾರೆ. ನನ್ನ ಎಣಿಕೆಯಲ್ಲಿ ಒಮ್ಮೆ ಹದಿಮೂರು ಬಂತು, ಒಮ್ಮೆ ಹದಿನಾಲ್ಕು. ಕಾಲಕಾಲದ ದೊರೆಗಳು ಸರದಿಯಲ್ಲಿ ರಿಪೇರಿ ಮಾಡಿಸಿದ್ದಾರೆ, ಆದರೂ ಎಲ್ಲರೂ ಆ ಮೊದಲಿನ ಕಾಲುಗಳ ಮೇಲೇ ನಿಂತಿದ್ದಾರೆ. ನನಗೆ ಕಣ್ಣು ತುಂಬಿ ಬಂತು. ಮೇಸ್ತ್ರಿಗಳಿಗೆ ಹಾಗಾಗುತ್ತದೆ.

ತೆಂಕು ದಡ ಹುಡುಕಲು ಹೊರಟಾಗಲೇ ನನಗೆ ಬುದ್ಧಿ ಬಂದದ್ದು. ಸಂಜೆಯ ಸೂರ್ಯ ಎದುರು ದಡದ ಹಿಂದೆ ಇಳಿಯುತ್ತಿದ್ದ. ಅಂದರೆ ನದಿ ಬಡಗಿನಿಂದ ತೆಂಕಿಗೆ ಹರಿಯುತ್ತದೆ. ಒಂದು ದಡ ಮೂಡು, ಇನ್ನೊಂದು ಪಡು. ಈ ಊರಿನ ನದಿಗೆ ತೆಂಕು ದಡವೇ ಇಲ್ಲ.

ಉಸ್ತಾದ್ ಸರಿಯಾಗಿಯೇ ಹೇಳಿದ್ದರು. ನೀರು ಬರುವ ಕಡೆಗೋ ಹೋಗುವ ಕಡೆಗೋ ಮುಖ ಮಾಡಿ ನಿಲ್ಲು ಎಂದಿದ್ದರು, ಯಾವುದೋ ಕೈಯ ಕಡೆಯಿಂದ ನಾಲ್ಕು ಎಂದಿದ್ದರು. ಆದರೆ ನಮ್ಮೂರಿನಲ್ಲಿ ಎಡ ಬಲ ಯಾರು ಹೇಳುತ್ತಾರೆ? ಬಾವಿಯ ಬಡಗು, ದೈವಸ್ಥಾನದ ತೆಂಕು, ಊಟದ ಎಲೆಯಲ್ಲೂ ಪಡುವಣ ಬದಿಯ ಉಪ್ಪಿನಕಾಯಿ. ನೀರು ಯಾವಾಗಲೂ ಘಟ್ಟದಿಂದ, ಅಂದರೆ ಮೂಡಣದಿಂದ ಬಂದು ಪಡುವಣದ ಕಡಲಿಗೆ ಹೋಗುತ್ತದೆ. ಹಾಗಾಗಿ ಅವರ ಮಾತು ಕಿವಿಗೆ ಬೀಳುತ್ತಲೇ ನನ್ನ ತಲೆ ಅವರ ನದಿಯನ್ನು ನಮ್ಮೂರ ಶಾಂಭವಿ ಹೊಳೆಯ ಮೇಲಿಟ್ಟು ದಿಕ್ಕು ಗುರುತು ಹಾಕಿಕೊಂಡುಬಿಟ್ಟಿತ್ತು. ಈಗ ಅದನ್ನು ತಿರುಗಿಸಿ ಲೆಕ್ಕ ಹಾಕಲು ಹೊರಟರೆ, ನಾನು ಬರೆಯುವಾಗ ನೀರಿಗೆ ಮುಖ ಮಾಡಿದ್ದೆನೋ ಬೆನ್ನು ಹಾಕಿದ್ದೆನೋ ನೆನಪಾಗದು. ಎಡಗೈಯೋ ಬಲಗೈಯೋ ತಲೆ ಕೆಟ್ಟುಹೋಯಿತು.

ವಸತಿಗೃಹದಿಂದ ಸುಮತಿಗೆ ಫೋನ್ ಮಾಡಿದೆ. ಉಸ್ತಾದ್ ಮೊಬೈಲು ಇಟ್ಟುಕೊಂಡವರಲ್ಲ. ಅವಳು ಅಂಗಡಿಯ ತನಕ ಹೋಗಿ ಬಂದು, ಈದ್ ಮುಗಿಯುವವರೆಗೆ ಬಾಗಿಲು ಹಾಕಿದೆ ಎಂದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಭೂಮಿ ಮೇಲಿನ ನದಿಯೆಲ್ಲ ಮೂಲ್ಕಿಗೇ ಬಂದು ಬೀಳ್ತದೆ ಅಂತ ನಿಮಗೆ ಯಾರು ಹೇಳಿದ್ದು?”

ಊರಲ್ಲಿ ಯಾರನ್ನೂ ಕೇಳುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಇನ್ನು ಎರಡೂ ದಡದಿಂದ ನಾಲ್ಕನೆಯದನ್ನು ನೋಡುವುದೊಂದೇ ದಾರಿ.

ಎರಡನೆಯ ದಿನ

ವಸತಿಗೃಹದ ಯಜಮಾನ ಬೆಳಿಗ್ಗೆ ನನ್ನನ್ನು ನೆಲಮಾಳಿಗೆಗೆ ಕರೆದೊಯ್ದು ಚಹಾ ಕೊಟ್ಟ. ಮೆಟ್ಟಿಲು ಇಳಿದಷ್ಟೂ ಮುಗಿಯದು. ಬಾವಿಗೆ ಇಳಿದ ಹಾಗೆ. ಬೇಸಿಗೆಯ ಬೆಂಕಿಗೆ ಹೆದರಿ ಈ ಊರಿನವರು ಮನೆಯ ಅಡಿಯಲ್ಲಿ ಇನ್ನೊಂದು ತಂಪು ಮನೆ ಕೊರೆದಿಟ್ಟಿದ್ದಾರೆ. ಯುದ್ಧ ಕಾಲದಲ್ಲಿ ಕ್ಷಿಪಣಿ ಬಿದ್ದಾಗಲೂ ಇಲ್ಲೇ ಕೂತಿದ್ದೆವು ಎಂದು ಅವನು ಬೆರಳು ಮೇಲೆ ಕೆಳಗೆ ಮಾಡಿ ತೋರಿಸಿದ. ಗೋಡೆ ಕುಟ್ಟಿ ನೋಡಿದೆ. ಗಟ್ಟಿ. ಅವನಿಗೆ ಬಹಳ ಸಂತೋಷವಾಯಿತು.

ಮಳೆ ಇನ್ನೂ ಶುರುವಾಗದ ಕಾಲ, ನದಿ ತಗ್ಗಿತ್ತು. ಪಡು ದಡದ ಕಡೆ ಕಲ್ಲಿನ ದಿಬ್ಬದ ಮೇಲೆ ನಡೆದು ನಾಲ್ಕನೇ ಕಮಾನಿನ ಅಡಿಗೆ ಹೋದೆ. ಅಲ್ಲಿ ಒಂದು ಕುಟುಂಬ ರತ್ನಗಂಬಳಿ ಹಾಸಿ, ಚಹಾ ಕಾಯಿಸುವ ಸಮೋವರ್ ಹಚ್ಚಿ, ಮನೆಯ ಜಗಲಿಯಲ್ಲಿ ಕೂತ ಹಾಗೆ ಕೂತಿತ್ತು. ಇಲ್ಲಿನವರಿಗೆ ಸೇತುವೆಯೆಂದರೆ ದಾಟುವುದಕ್ಕಿಂತ ಅಡಿಯಲ್ಲಿ ಕೂರುವುದಕ್ಕೆ. ನಾನು ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು, ಸಣ್ಣ ಸುತ್ತಿಗೆ ತೆಗೆದದ್ದೇ ತಡ, ನಾನು ಸರ್ಕಾರದವನೆಂದು ಎಲ್ಲರಿಗೂ ಖಾತ್ರಿಯಾಯಿತು. ಹತ್ತು ಜನ ಸೇರಿದರು. ಅವರಲ್ಲೊಬ್ಬ ಹಿಂದೆ ಕುವೈತಿನ ಬಂದರಿನಲ್ಲಿ ದುಡಿದವನು. ಅವನ ಅರಬ್ಬಿಯಲ್ಲಿ ಅವರ ಬೀದಿಯ ಚರಂಡಿ, ದೀಪದ ಕಂಬ, ಅಳಿಯನ ಕೆಲಸ ಎಲ್ಲದರ ದೂರೂ ನನಗೆ ತಲುಪಿತು. ನೋಡೋಣ ಎಂದೆ. ಯಾವ ಸರ್ಕಾರದವನಾದರೂ ಅದನ್ನೇ ಹೇಳುತ್ತಾನಲ್ಲ.

ಕಮಾನಿನ ಬಿರುಕು ನೋಡಿ ನನ್ನ ಉತ್ಸಾಹ ಇಳಿಯಿತು. ಬಿರುಕು ಇಟ್ಟಿಗೆಯ ಸಂದಿನಿಂದ ಸಂದಿಗೆ, ಮೆಟ್ಟಿಲಿನ ಹಾಗೆ ಏರಿತ್ತು. ಉಗುರಿನಿಂದ ಕೆರೆದರೆ ಗಾರೆ ಅಕ್ಕಿಹಿಟ್ಟಿನಂತೆ ಉದುರಿತು. ಒಂದೂ ಇಟ್ಟಿಗೆ ಒಡೆದಿಲ್ಲ, ನಡುವಿನ ಸುಣ್ಣ ಮಾತ್ರ ಕೈಬಿಟ್ಟಿದೆ. ಸುಣ್ಣ ಹದವಾಗಿ ನೆನೆಯುವ ಮೊದಲೇ ಗುಂಡಿ ತೆರೆದವರ ಕೆಲಸ. ಊರು ಹೇಳಿದ್ದು ನಿಜ, ಇದೇ ಕಮಾನಾದರೆ.

ಮೂಡು ದಡದ್ದಕ್ಕೆ ಮೊಣಕಾಲು ನೀರು ದಾಟಬೇಕಿತ್ತು. ಪಾಚಿಗಲ್ಲಿನ ಮೇಲೆ ಕಾಲಿಟ್ಟು ಜಾರಿ ಕೂತೆ. ಕ್ಯಾಮೆರಾ ಉಳಿಯಿತು, ಎಡಗಾಲಿನ ಚಪ್ಪಲಿ ಕಮಾನಿನ ಅಡಿಯಲ್ಲಿ ಗಂಭೀರವಾಗಿ ತೇಲಿಕೊಂಡು ತೆಂಕಿಗೆ ಹೋಯಿತು. ದಡದಲ್ಲಿ ಕೂತ ಅಜ್ಜಿಯೊಬ್ಬಳು ನಗು ತಡೆಯಲಾರದೆ ಮುಖಕ್ಕೆ ಚಾದರ ಎಳೆದುಕೊಂಡಳು. ಆಮೇಲೆ ತನ್ನ ಮಗನ ಜೋಡು ಬಿಚ್ಚಿಸಿ ನನ್ನ ಕಾಲಿಗೆ ಹಾಕಿಸಿದಳು. ಬೇಡವೆಂದರೆ ಬೈಯುತ್ತಾಳೆ ಎಂದು ಮಗ ಸನ್ನೆ ಮಾಡಿದ.

ಆ ಕಮಾನಿನಲ್ಲೂ ಬಿರುಕಿತ್ತು. ಇನ್ನೂ ದೊಡ್ಡದು, ಬೆರಳು ಹೋಗುವಷ್ಟು. ಆದರೆ ನೆಟ್ಟಗೆ. ಸಂದು ಹುಡುಕಿಕೊಂಡು ಹೋಗಿರಲಿಲ್ಲ, ಇಟ್ಟಿಗೆಗಳನ್ನೇ ನಡುವೆ ಸೀಳಿಕೊಂಡು ಏರಿತ್ತು. ಸೀಳಿದ ಇಟ್ಟಿಗೆಯ ಎರಡೂ ಅರ್ಧಗಳು ಗಾರೆಗೆ ಕಚ್ಚಿ ಕೂತಿದ್ದವು. ಸುತ್ತಿಗೆಯಿಂದ ಬಡಿದರೂ ಗಾರೆ ಕಣ ಬಿಡಲಿಲ್ಲ. ಸೇತುವೆಯ ಕಾಲಿನ ಬುಡ ನೋಡಿದೆ. ನೀರು ಅಡಿಪಾಯವನ್ನು ಒಳಗಿನಿಂದ ಕೊರೆದು, ಕಾಲು ಒಂದು ಬದಿಗೆ ಒಂದಿಷ್ಟು ಕುಸಿದಿತ್ತು. ಇದು ನದಿಯ ಕೆಲಸ, ಕಟ್ಟಿದವನದ್ದಲ್ಲ.

ಎರಡರದ್ದೂ ಫೋಟೋ ತೆಗೆದೆ. ಒಂದು ಕಮಾನು ಅಪ್ಪನನ್ನು ಬಿಡಿಸುತ್ತದೆ, ಒಂದು ಅಪ್ಪನನ್ನು ಹಿಡಿದುಕೊಡುತ್ತದೆ. ಉಸ್ತಾದರದ್ದು ಯಾವುದು ಎಂದು ನನಗೆ ಗೊತ್ತಿರಲಿಲ್ಲ. ಬಸ್ಸಿನಲ್ಲೂ ವಿಮಾನದಲ್ಲೂ ಅದೇ ಯೋಚನೆ. ಒಳ್ಳೆಯದನ್ನು ಮಾತ್ರ ತೋರಿಸಿದರೆ ಆಯಿತಲ್ಲ, ಅವರೇನು ಹೋಗಿ ನೋಡುತ್ತಾರೆಯೇ ಎಂದು ಮನಸ್ಸು ಹೇಳುತ್ತಿತ್ತು. ನಾನು ಸಾಧುವೇನಲ್ಲ. ಕುವೈತಿಗೆ ಇಳಿಯುವ ಹೊತ್ತಿಗೆ ಹಾಗೇ ಮಾಡುವುದು ಎಂದು ಮುಕ್ಕಾಲು ಪಾಲು ತೀರ್ಮಾನಿಸಿದ್ದೆ.

ಮತ್ತೆ ಸಲ್ವಾ

ಸುಮತಿ ಕಾಲಿನ ಜೋಡು ನೋಡಿ ಮೊದಲು ಅದರ ಕಥೆ ಕೇಳಿದಳು. ಆಮೇಲೆ ನನ್ನ ಯೋಚನೆ ಕೇಳಿ ನಗು ನಿಲ್ಲಿಸಿದಳು. ಆಸ್ಪತ್ರೆಯಲ್ಲಿ ರಿಪೋರ್ಟು ತೋರಿಸುವಾಗ ಒಳ್ಳೆಯ ಪುಟ ಮಾತ್ರ ತೋರಿಸಿದರೆ ನಡೆಯುತ್ತದೆಯೇ ಎಂದಳು. “ಅವರು ಕೇಳಿದ್ದು ಸಮಾಧಾನ ಅಲ್ಲ. ಸುಣ್ಣದ ವಿಷಯ ಕೇಳಿದ್ದು.”

ಮಧ್ಯಾಹ್ನದ ಸಾಲು ಕರಗಿದ ಮೇಲೆ ಅಂಗಡಿಗೆ ಹೋದೆ. ಎರಡು ಫೋಟೋ, ಎರಡು ಜೇಬಿನಲ್ಲಿ. ಏನನ್ನೂ ತೋರಿಸದೆ, ಕಮಾನು ಯಾವುದೆಂದು ಇನ್ನೊಮ್ಮೆ ಹೇಳಿ ಎಂದೆ. ಉಸ್ತಾದ್ ಸಂಶಯದಿಂದ ನೋಡಿದರು. ನೀರು ಬರುವ ಕಡೆಗೆ ಮುಖ, ಬಲಗೈ ದಡದಿಂದ ನಾಲ್ಕು ಎಂದರು. ನಾನು ಅಲ್ಲೇ ರೊಟ್ಟಿಯ ಮೇಜಿನ ಮುಂದೆ ಬಡಗಿಗೆ ತಿರುಗಿ ನಿಂತು ಬಲಗೈ ಚಾಚಿದೆ. ಕೈ ಮೂಡಣಕ್ಕೆ ಹೋಯಿತು. ನನ್ನ ಚಪ್ಪಲಿ ಹೋದ ಕಡೆಯ ಕಮಾನು.

ಮೈ ಹಗುರಾಯಿತು. ಫೋಟೋ ತೆಗೆದು ಮೇಜಿನ ಮೇಲಿಟ್ಟೆ. ಅವರಿಗೆ ಬಿರುಕು ಮಾತ್ರ ಕಂಡಿತು. “ಇಷ್ಟು ದೊಡ್ಡದಾಗಿದೆಯೇ,” ಎಂದು ಮುಖ ತಿರುಗಿಸಿದರು. ನಾನು ಇನ್ನೊಂದು ಜೇಬಿನ ಫೋಟೋವನ್ನೂ ಪಕ್ಕದಲ್ಲಿಟ್ಟು ವಿವರಿಸಿದೆ. ಸುಣ್ಣ ಕೆಟ್ಟಿದ್ದರೆ ಬಿರುಕು ಹೀಗೆ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ನಿಮ್ಮದರಲ್ಲಿ ಇಟ್ಟಿಗೆಯೇ ಸೀಳಿದೆ, ಸುಣ್ಣ ಬಿಟ್ಟುಕೊಟ್ಟಿಲ್ಲ. ಕಾಲಿನ ಬುಡವನ್ನು ನೀರು ಕೊರೆದಿದೆ. ಆ ಸುಣ್ಣ ಅಷ್ಟು ಚೆನ್ನಾಗಿಲ್ಲದಿದ್ದರೆ ಕಮಾನು ಆಗಲೇ ನದಿಯಲ್ಲಿ ಇರುತ್ತಿತ್ತು.

ಉಸ್ತಾದ್ ಒಲೆಯ ಕಟ್ಟೆಯ ಮೇಲೆ ಕೂತರು. ಆಮೇಲೆ ಹೇಳಿದ್ದು ಇಷ್ಟು. ಆ ಕಮಾನಿಗೆ ಸುಣ್ಣ ಕಲಸಿದ್ದು ಅಪ್ಪನಲ್ಲ, ಅವರೇ. ಆಗ ಇಪ್ಪತ್ತೆರಡು ವರ್ಷ, ಹೊಸದಾಗಿ ಮದುವೆಯಾಗಿತ್ತು. ಸುಣ್ಣದ ಗುಂಡಿಯನ್ನು ದಿನವೂ ತಿರುವಿ ಒದ್ದೆಯಾಗಿಡಬೇಕು. ಹೆಂಡತಿಯನ್ನು ಕರೆದುಕೊಂಡು ಅಹ್ವಾಜ್‌ಗೆ ಹೋದವರು ಮೂರು ದಿನ ಗುಂಡಿಯ ಕಡೆ ತಿರುಗಿ ನೋಡಿರಲಿಲ್ಲ. ಬಂದು, ನೀರು ಹಾಕಿ ಕಲಸಿ, ಎಲ್ಲ ಸರಿಯಿದೆ ಎಂದು ಅಪ್ಪನಿಗೆ ಹೇಳಿದ್ದರು. ಬಿರುಕು ಬಿಟ್ಟಾಗ ಊರು ಅಪ್ಪನನ್ನು ಹಿಡಿಯಿತು. ಅಪ್ಪ ನದಿ, ನದಿ ಎಂದು ಹೇಳಿ ನೋಡಿದರು. ಯಾರೂ ಕೇಳಲಿಲ್ಲ, ಮಗನೂ ನಂಬಲಿಲ್ಲ. ಮಗನ ತಪ್ಪು ಮುಚ್ಚಲು ಅಪ್ಪ ನದಿಯ ನೆಪ ಹೇಳುತ್ತಿದ್ದಾರೆ ಎಂದುಕೊಂಡು ಉಸ್ತಾದ್ ಅದೇ ವರ್ಷ ಕುವೈತಿನ ದೋಣಿ ಹತ್ತಿದರು.

“ಸಾಯುವ ತನಕ ಅಪ್ಪ ನನ್ನನ್ನು ಒಂದು ಮಾತು ಕೇಳಲಿಲ್ಲ, ಮುಹಂದಿಸ್. ಸುಣ್ಣ ಏನು ಮಾಡಿದೆ ಅಂತ ಒಂದು ಸಲ ಕೇಳಲಿಲ್ಲ. ನನ್ನನ್ನು ಉಳಿಸಲಿಕ್ಕೆ ಸುಮ್ಮನಿದ್ದಾರೆ ಅಂತ ನಲವತ್ತು ವರ್ಷ ತಿಂದ ಅನ್ನ ಮೈಗೆ ಹತ್ತಲಿಲ್ಲ ನನಗೆ.”

ಸಂಜೆಯ ರೊಟ್ಟಿಗೆ ಜನ ಬರತೊಡಗಿದ್ದರು. ಬಾಗಿಲಿನಲ್ಲಿ ಯಾರೋ ತಟ್ಟೆಯಿಂದ ಮೇಜನ್ನು ಬಡಿದರು. ನಾನು ಅವರ ಭುಜದ ಮೇಲೆ ಕೈಯಿಟ್ಟೆ. ಅಪ್ಪ ಮೇಸ್ತ್ರಿ, ಉಸ್ತಾದ್, ಎಂದೆ. ನಾನು ಎರಡು ಗಂಟೆ ಕುಟ್ಟಿ ನೋಡಿ ತಿಳಿದದ್ದನ್ನು ಅವರು ದಡದಲ್ಲಿ ನಿಂತೇ ನೋಡಿರುತ್ತಾರೆ. ಮಗನ ಸುಣ್ಣ ಇಟ್ಟಿಗೆಗಿಂತ ಗಟ್ಟಿ ಎಂದು ಅವರಿಗೆ ಗೊತ್ತಿತ್ತು. ಕೇಳುವುದಕ್ಕೆ ಏನೂ ಇರಲಿಲ್ಲ, ಅದಕ್ಕೇ ಕೇಳಲಿಲ್ಲ.

ಉಸ್ತಾದ್ ಎದ್ದು, ಕೈಯ ಹಿಟ್ಟು ಒರೆಸಿಕೊಂಡು, ಫೋಟೋವನ್ನು ಬೆಳಕಿಗೆ ಹಿಡಿದು, ಸೀಳಿದ ಒಂದು ಇಟ್ಟಿಗೆಯ ಮೇಲೆ ಬೆರಳಿಟ್ಟರು. ಸಾಲು ರಸ್ತೆಯವರೆಗೆ ಬೆಳೆದಿತ್ತು.

“ಸುಣ್ಣದ್ದು ಇನ್ನೊಮ್ಮೆ ಹೇಳು,” ಎಂದರು.

ನಾನು ಮೊದಲಿನಿಂದ ಹೇಳತೊಡಗಿದೆ.